ಒಂದೇ ಹಾಳೆ, ಆರು ಅಂಶ: ಸಾರಿ ನುಸೈಬೆ ತನ್ನ ಜನರ ಮುಂದಿಟ್ಟ ಲೆಕ್ಕ

2002ರ ಜುಲೈ 27ರಂದು ಇಬ್ಬರು ಒಂದು ಹಾಳೆಗೆ ಸಹಿ ಹಾಕಿದರು. ಒಬ್ಬರು ಸಾರಿ ನುಸೈಬೆ. ತತ್ವಶಾಸ್ತ್ರದ ಮೇಷ್ಟ್ರು, ಜೆರುಸಲೇಮಿನ ಅಲ್-ಕುದ್ಸ್ ವಿಶ್ವವಿದ್ಯಾಲಯದ ಅಧ್ಯಕ್ಷರು. ಆಗ ಆ ನಗರದಲ್ಲಿ ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ, ಅಂದರೆ ಪಿಎಲ್‌ಒದ, ಪ್ರತಿನಿಧಿಯೂ ಅವರೇ. ಇನ್ನೊಬ್ಬರು ಅಮಿ ಅಯಲೋನ್. ಇಸ್ರೇಲಿನ ನೌಕಾಪಡೆಯನ್ನು ನಡೆಸಿದವರು. ಆಮೇಲೆ 1996ರಿಂದ 2000ರವರೆಗೆ ಅಲ್ಲಿನ ಆಂತರಿಕ ಗುಪ್ತಚರ ಸಂಸ್ಥೆ ಶಿನ್ ಬೆತ್‌ನ ಮುಖ್ಯಸ್ಥರಾಗಿದ್ದವರು. ಹಾಳೆಯಲ್ಲಿ ಇದ್ದದ್ದು ಆರೇ ಅಂಶ. ಓದಲು ಎರಡು ನಿಮಿಷ ಸಾಕು.

ಆ ಆರರಲ್ಲಿ ನಾಲ್ಕನೆಯದಕ್ಕಾಗಿಯೇ ಈ ಬರಹ. ಇಸ್ರೇಲ್ ಹುಟ್ಟಿದ 1948ರ ಯುದ್ಧದಲ್ಲಿ ಮನೆ ಮಠ ಕಳೆದುಕೊಂಡ ಪ್ಯಾಲೆಸ್ಟೀನ್ ನಿರಾಶ್ರಿತರು ಇನ್ನು ಮುಂದೆ ಪ್ಯಾಲೆಸ್ಟೀನ್ ದೇಶಕ್ಕೆ ಮಾತ್ರ ಮರಳುತ್ತಾರೆ, ಇಸ್ರೇಲಿನೊಳಗಿನ ಹಳೆಯ ಊರುಗಳಿಗೆ ಅಲ್ಲ ಅಂತ ಅದು ಹೇಳುತ್ತದೆ. ಪ್ಯಾಲೆಸ್ಟೀನ್ ರಾಜಕೀಯದಲ್ಲಿ ಇದನ್ನು ಮುಚ್ಚಿದ ಕೋಣೆಯಲ್ಲಿ ಹೇಳಿದವರು ಇದ್ದರು. ಬಹಿರಂಗವಾಗಿ ಬರೆದು, ಕೆಳಗೆ ತನ್ನ ಹೆಸರು ಹಾಕಿ, ಊರೂರಿಗೆ ಹೋಗಿ ನೀವೂ ಸಹಿ ಹಾಕಿ ಅಂತ ಕೇಳಿದವರು ಬಹಳ ಕಡಿಮೆ. ಒಬ್ಬ ರಾಷ್ಟ್ರೀಯವಾದಿ ನಾಯಕ ತನ್ನ ಜನ ಪವಿತ್ರ ಅಂತ ಹಿಡಿದುಕೊಂಡಿರುವುದನ್ನು ಮಾತುಕತೆ ಶುರುವಾಗುವ ಮೊದಲೇ ಬಿಟ್ಟುಬಿಡೋಣ ಅಂದರೆ ಏನಾಗುತ್ತದೆ? ಆ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಯಾರು ಈ ಮೇಷ್ಟ್ರು

ನುಸೈಬೆ ಹುಟ್ಟಿದ್ದು 1949ರಲ್ಲಿ, ಡಮಾಸ್ಕಸ್‌ನಲ್ಲಿ. ಅದಕ್ಕೂ ಯುದ್ಧವೇ ಕಾರಣ. ತಾಯಿಯ ಮನೆತನ ಈಗ ಇಸ್ರೇಲಿನೊಳಗಿರುವ ರಾಮ್ಲೆ ಕಡೆಯ ಜಮೀನ್ದಾರರದ್ದು. 1948ರಲ್ಲಿ ಆ ಜಮೀನೆಲ್ಲ ಹೋಯಿತು. ತಂದೆ ಅನ್ವರ್ ನುಸೈಬೆ ಕೇಂಬ್ರಿಜ್‌ನಲ್ಲಿ ಓದಿದ ವಕೀಲರು. ಅದೇ ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡರು. ಮುಂದೆ ಜೋರ್ಡಾನ್ ಸರ್ಕಾರದಲ್ಲಿ ರಕ್ಷಣಾ ಸಚಿವರಾದರು, ಜೆರುಸಲೇಮಿನ ಗವರ್ನರ್ ಆದರು, ಲಂಡನ್ನಿನಲ್ಲಿ ರಾಯಭಾರಿಯಾದರು. ನಾಲ್ಕನೆಯ ಅಂಶ ಓದುವಾಗ ಈ ಮನೆಯ ಕಥೆ ನೆನಪಿನಲ್ಲಿರಬೇಕು. ಮಗ ಬಿಟ್ಟುಕೊಡೋಣ ಅಂದದ್ದರಲ್ಲಿ ಅವನ ತಾಯಿಯ ಮನೆಯ ಭೂಮಿಯೂ ಇತ್ತು.

ಮನೆತನ ಇನ್ನೂ ಹಳೆಯದು. ಕ್ರೈಸ್ತರು ಏಸುವಿನ ಸಮಾಧಿ ಇದೆ ಅಂತ ನಂಬುವ ಜೆರುಸಲೇಮಿನ ಪವಿತ್ರ ಸಮಾಧಿ ಚರ್ಚಿನ ಬಾಗಿಲು ತೆಗೆಯುವ ಹಕ್ಕು ಇರುವುದು ಎರಡು ಮುಸ್ಲಿಂ ಮನೆತನಗಳಿಗೆ. ಕೀಲಿಕೈ ಜೂದೆ ಮನೆತನದ ಬಳಿ. ಬಾಗಿಲು ತೆಗೆಯುವುದು ನುಸೈಬೆ ಮನೆತನ. ಬೆಳಗಿನ ಜಾವ ಒಳಗಿನಿಂದ ಪಾದ್ರಿಗಳು ಬಾಗಿಲಿನ ಸಣ್ಣ ಕಿಂಡಿಯಲ್ಲಿ ಒಂದು ಏಣಿ ಹೊರಗೆ ತಳ್ಳುತ್ತಾರೆ. ಬಾಗಿಲು ಕಾಯುವವರು ಅದನ್ನು ಹತ್ತಿ ಮೇಲಿನ ಬೀಗ ತೆಗೆಯುತ್ತಾರೆ. ಒಳಗೆ ಒಬ್ಬರನ್ನೊಬ್ಬರು ಅಷ್ಟಾಗಿ ನಂಬದ ಹಲವು ಪಂಗಡಗಳಿವೆ. ಬಾಗಿಲು ಮಾತ್ರ ಹೊರಗಿನವರ ಕೈಯಲ್ಲಿ. ಒಂದು ಜಾಗ ಒಬ್ಬರದ್ದೇ ಆಗದೆಯೂ ಶತಮಾನಗಳ ಕಾಲ ನಡೆಯಬಹುದು ಅನ್ನುವುದನ್ನು ಈ ಮನೆತನದ ಮಕ್ಕಳಿಗೆ ಯಾರೂ ಪಾಠ ಮಾಡಬೇಕಾಗಿರಲಿಲ್ಲ.

ನುಸೈಬೆ ಆಕ್ಸ್‌ಫರ್ಡ್‌ನಲ್ಲಿ ತತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಓದಿದರು. ಹಾರ್ವರ್ಡ್‌ನಲ್ಲಿ ಇಸ್ಲಾಮಿಕ್ ತತ್ವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದರು. ಮದುವೆಯಾದದ್ದು ಆಕ್ಸ್‌ಫರ್ಡ್‌ನ ಹೆಸರಾಂತ ತತ್ವಶಾಸ್ತ್ರಜ್ಞ ಜೆ. ಎಲ್. ಆಸ್ಟಿನ್ ಅವರ ಮಗಳು ಲೂಸಿಯನ್ನು. 1978ರಲ್ಲಿ ವೆಸ್ಟ್ ಬ್ಯಾಂಕಿಗೆ ಬಂದು ಬಿರ್ಜೈತ್ ವಿಶ್ವವಿದ್ಯಾಲಯದಲ್ಲಿ ಪಾಠ ಶುರು ಮಾಡಿದರು. ಪರದೇಶದಲ್ಲೇ ಉಳಿದಿದ್ದರೆ ಸುಮ್ನೆ ನೆಮ್ಮದಿಯ ಬದುಕು ಸಿಗುತ್ತಿತ್ತು. ಅವರು ಬಂದದ್ದು ಮಿಲಿಟರಿ ಆಡಳಿತದಡಿ ಇದ್ದ, ಸೈನ್ಯ ಆಗಾಗ ಬಾಗಿಲು ಮುಚ್ಚಿಸುತ್ತಿದ್ದ ಒಂದು ಕಾಲೇಜಿಗೆ. ಅಲ್ಲಿ ಅಧ್ಯಾಪಕರ ಸಂಘದ ಕೆಲಸ ಹಿಡಿದರು. ರಾಜಕೀಯಕ್ಕೆ ಕಾಲಿಟ್ಟದ್ದು ಆ ದಾರಿಯಿಂದ.

ಅವರ ರಾಜಕೀಯದ ರೀತಿಯೇ ಬೇರೆ. ತರ್ಕ ಕಲಿಸುವವರಿಗೆ ಒಂದು ಅಭ್ಯಾಸ ಇರುತ್ತದೆ. ಇದನ್ನು ಒಪ್ಪಿದೆಯಾ, ಹಾಗಾದರೆ ಇದನ್ನೂ ಒಪ್ಪಬೇಕು ಅಂತ ಕೊನೆಯವರೆಗೂ ಬಿಡದೆ ಹೋಗುವುದು. 1980ರ ದಶಕದ ಮಧ್ಯದಲ್ಲಿ ಅವರು ಇಸ್ರೇಲಿಗೆ ಒಂದು ಮಾತು ಹೇಳಿದರು. ನಮ್ಮ ಭೂಮಿ ಬಿಡುವುದಿಲ್ಲ ಅಂತಾದರೆ ನಮ್ಮನ್ನೂ ಪೂರ್ತಿ ಸೇರಿಸಿಕೊಳ್ಳಿ, ಪೌರತ್ವ ಕೊಡಿ, ಮತ ಕೊಡಿ. ಇಸ್ರೇಲಿನಲ್ಲಿ ಇದು ಹಲವರಿಗೆ ಕಸಿವಿಸಿಯಾಯಿತು, ಯಾಕಂದರೆ ವಾದದಲ್ಲಿ ಹುಳುಕು ಸಿಗಲಿಲ್ಲ. ಪ್ಯಾಲೆಸ್ಟೀನಿಯರಿಗೆ ಸಿಟ್ಟು ಬಂತು, ಸ್ವಂತ ದೇಶದ ಕನಸನ್ನೇ ಕೈಬಿಟ್ಟಂತೆ ಕೇಳಿಸಿತು. ಅವರು ಹೇಳುತ್ತಿದ್ದದ್ದು ಇಷ್ಟೇ: ಭೂಮಿ ಬೇಕು, ಜನ ಬೇಡ ಅನ್ನುವುದು ನಡೆಯದ ಮಾತು. ಎರಡರಲ್ಲಿ ಒಂದನ್ನು ಆರಿಸಿ. 2002ರಲ್ಲಿ ಅದೇ ತರ್ಕವನ್ನು ತನ್ನವರ ಕಡೆಗೆ ತಿರುಗಿಸಿದರು.

ಅದಕ್ಕೆ ಮೊದಲು ಎರಡು ಪೆಟ್ಟು ತಿಂದಿದ್ದರು. ಎರಡೂ ಬೇರೆ ಬೇರೆ ಕಡೆಯಿಂದ. 1987ರಲ್ಲಿ ನುಸೈಬೆ ಮತ್ತು ಜೆರುಸಲೇಮಿನ ಪ್ಯಾಲೆಸ್ಟೀನ್ ನಾಯಕ ಫೈಸಲ್ ಹುಸೇನಿ, ಇಸ್ರೇಲಿನ ಬಲಪಂಥೀಯ ಲಿಕುದ್ ಪಕ್ಷದ ಮೋಶೆ ಅಮಿರಾವ್ ಜೊತೆ ಗುಟ್ಟಾಗಿ ಮಾತಾಡಿದರು. ಸುದ್ದಿ ಹೊರಬಿತ್ತು. ಆ ಸೆಪ್ಟೆಂಬರ್‌ನಲ್ಲಿ ಬಿರ್ಜೈತ್‌ನಲ್ಲಿ ಪಾಠ ಮುಗಿಸಿ ಹೊರಬರುತ್ತಿದ್ದ ಅವರನ್ನು ಮುಖ ಮುಚ್ಚಿಕೊಂಡವರು ಹಿಡಿದು ಹೊಡೆದರು. ಆ ಕಡೆ ಅಮಿರಾವ್ ಲಿಕುದ್‌ನಲ್ಲಿ ಉಳಿಯಲು ಆಗಲಿಲ್ಲ. ಮೂರೇ ತಿಂಗಳಲ್ಲಿ ಮೊದಲ ಇಂತಿಫಾದಾ, ಅಂದರೆ ಇಸ್ರೇಲ್ ಆಡಳಿತದ ವಿರುದ್ಧ ಪ್ಯಾಲೆಸ್ಟೀನಿಯರ ದಂಗೆ, ಶುರುವಾಯಿತು. ಹೊಡೆಸಿಕೊಂಡಿದ್ದ ಅದೇ ಮೇಷ್ಟ್ರು ಆ ದಂಗೆಯ ಗುಪ್ತ ಕರಪತ್ರಗಳ ಕೆಲಸದಲ್ಲಿ ಕೈ ಜೋಡಿಸಿದರು. 1991ರ ಜನವರಿಯಲ್ಲಿ, ಕೊಲ್ಲಿ ಯುದ್ಧದ ಹೊತ್ತಿನಲ್ಲಿ, ಇರಾಕಿಗೆ ಮಾಹಿತಿ ಕೊಟ್ಟರು ಅಂತ ಆರೋಪಿಸಿ ಇಸ್ರೇಲ್ ಅವರನ್ನು ಬಂಧಿಸಿತು. ವಿಚಾರಣೆ ನಡೆಯಲಿಲ್ಲ. ಮೂರು ತಿಂಗಳು ಜೈಲಿನಲ್ಲಿಟ್ಟು ಬಿಟ್ಟರು. ಶಾಂತಿ ಮಾತಾಡುವವರು ಹೋರಾಟದ ಹೊರಗೆ ನಿಂತವರು ಅನ್ನುವ ಆಪಾದನೆ ಈ ಮನುಷ್ಯನಿಗೆ ಅಂಟುವುದಿಲ್ಲ. ಇದನ್ನು ಒತ್ತಿ ಹೇಳಲೇಬೇಕು, ಯಾಕಂದರೆ 2002ರಲ್ಲಿ ಅವರ ಮೇಲೆ ಬಂದ ಮೊದಲ ಆಪಾದನೆಯೇ ಅದು.

ಆ ವರ್ಷ ಹೇಗಿತ್ತು

2000ದ ಸೆಪ್ಟೆಂಬರ್‌ನಲ್ಲಿ ಎರಡನೇ ಇಂತಿಫಾದಾ ಶುರುವಾಗಿತ್ತು. 2001ರ ಮೇ 31ರಂದು ಫೈಸಲ್ ಹುಸೇನಿ ಕುವೈತ್‌ನಲ್ಲಿ ತೀರಿಕೊಂಡರು. ಜೆರುಸಲೇಮಿನಲ್ಲಿ ಪ್ಯಾಲೆಸ್ಟೀನಿಯರ ಮುಖ ಅಂತ ಇದ್ದವರು ಅವರೇ. ಪಿಎಲ್‌ಒ ನಾಯಕ ಯಾಸರ್ ಅರಾಫತ್ ಆ ಜಾಗಕ್ಕೆ ನುಸೈಬೆಯವರನ್ನು ಹಾಕಿದರು. ಅದೇ ಹೊತ್ತಿಗೆ ನುಸೈಬೆ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಒಂದು ಭಾಷಣ ಮಾಡಿದರು. ಎರಡು ದೇಶಗಳ ಪರಿಹಾರ ಬೇಕು ಅನ್ನುವವರು ನಿರಾಶ್ರಿತರು ಇಸ್ರೇಲಿಗೆ ಮರಳುವ ಬೇಡಿಕೆಯನ್ನು ಜೊತೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ ಅಂದರು. ಹೊಸದಾಗಿ ಹುದ್ದೆಗೆ ಬಂದ ರಾಜಕಾರಣಿ ಮಾಡುವ ಮೊದಲ ಕೆಲಸ ಇದಲ್ಲ, ಅಲ್ವಾ?

ನಿಮಗೆ ನೆನಪಿರಬಹುದು, ಅದು ರಕ್ತದ ವರ್ಷ. 2002ರ ಮಾರ್ಚ್ 27ರಂದು ನೆತಾನ್ಯದ ಪಾರ್ಕ್ ಹೋಟೆಲಿನಲ್ಲಿ ಯಹೂದಿಗಳ ಪಾಸ್‌ಓವರ್ ಹಬ್ಬದ ಊಟದ ಹೊತ್ತಿಗೆ ಆತ್ಮಾಹುತಿ ದಾಳಿ ನಡೆದು 30 ಜನ ಸತ್ತರು. ಎರಡು ದಿನದಲ್ಲಿ ಇಸ್ರೇಲ್ ಸೈನ್ಯ ವೆಸ್ಟ್ ಬ್ಯಾಂಕಿನ ಊರುಗಳಿಗೆ ಮತ್ತೆ ನುಗ್ಗಿತು. ಜೆನಿನ್ ನಿರಾಶ್ರಿತರ ಶಿಬಿರದ ಒಂದು ಭಾಗ ನೆಲಸಮವಾಯಿತು. ಅರಾಫತ್ ರಾಮಲ್ಲಾದ ತಮ್ಮ ಕಚೇರಿಯಲ್ಲೇ ಮುತ್ತಿಗೆಯಲ್ಲಿದ್ದರು.

ಜೂನ್‌ನಲ್ಲಿ ಅಲ್-ಕುದ್ಸ್ ಪತ್ರಿಕೆಯಲ್ಲಿ ಒಂದು ಇಡೀ ಪುಟದ ಹೇಳಿಕೆ ಬಂತು. ಇಸ್ರೇಲಿನ ನಾಗರಿಕರ ಮೇಲೆ ದಾಳಿಗೆ ಯುವಕರನ್ನು ಕಳಿಸುವವರು ಯೋಚಿಸಬೇಕು, ಇದನ್ನು ನಿಲ್ಲಿಸಬೇಕು ಅನ್ನುವುದು ಅದರ ತಿರುಳು. ಮೊದಲಿಗೆ ಸಹಿ ಹಾಕಿದ 55 ಮಂದಿಯಲ್ಲಿ ನುಸೈಬೆ ಇದ್ದರು. ಪ್ಯಾಲೆಸ್ಟೀನ್ ನಾಯಕಿ ಹನಾನ್ ಅಶ್ರಾವಿ ಕೂಡ ಇದ್ದರು. ಇಸ್ರೇಲ್ ಇದಕ್ಕೆ ಹೇಗೆ ಉತ್ತರ ಕೊಟ್ಟಿತು ನೋಡಿ. ಜುಲೈ 9ರಂದು ಆಂತರಿಕ ಭದ್ರತಾ ಸಚಿವರ ಆದೇಶದ ಮೇಲೆ ಪೊಲೀಸರು ಪೂರ್ವ ಜೆರುಸಲೇಮಿನಲ್ಲಿದ್ದ ನುಸೈಬೆಯವರ ವಿಶ್ವವಿದ್ಯಾಲಯ ಕಚೇರಿಗೆ ಬೀಗ ಹಾಕಿದರು. ಅದು ಪ್ಯಾಲೆಸ್ಟೀನ್ ಆಡಳಿತದ ಕೈಯಂತೆ ಕೆಲಸ ಮಾಡುತ್ತಿದೆ ಅನ್ನುವುದು ಕಾರಣ. ಹಿಂದಿನ ಡಿಸೆಂಬರ್‌ನಲ್ಲಿ ಈದ್ ಔತಣ ಏರ್ಪಡಿಸಿದ್ದಕ್ಕೂ ಅವರನ್ನು ಹಿಡಿದುಕೊಂಡು ಹೋಗಿ ಕೆಲ ಹೊತ್ತು ಕೂರಿಸಿದ್ದರು. ಆತ್ಮಾಹುತಿ ದಾಳಿ ನಿಲ್ಲಿಸಿ ಅಂದವರ ಕಚೇರಿಯನ್ನೇ ಮುಚ್ಚಿದರೆ, ನೋಡುವ ಪ್ಯಾಲೆಸ್ಟೀನ್ ಹುಡುಗರು ಏನು ಕಲಿಯುತ್ತಾರೆ? ಆ ಹೊತ್ತಿನ ಇಸ್ರೇಲ್ ಸರ್ಕಾರದ ದೊಡ್ಡ ತಪ್ಪುಗಳ ಪಟ್ಟಿಯಲ್ಲಿ ನಾನು ಇದನ್ನೂ ಸೇರಿಸುತ್ತೇನೆ.

ಕಚೇರಿಗೆ ಬೀಗ ಬಿದ್ದ 18 ದಿನಕ್ಕೆ ಅಯಲೋನ್ ಜೊತೆಗಿನ ಹಾಳೆಗೆ ಸಹಿ ಬಿತ್ತು.

ಹಾಳೆಯೊಳಗೆ

ಮೊದಲ ಅಂಶ: ಎರಡು ಜನಕ್ಕೆ ಎರಡು ದೇಶ. ಪ್ಯಾಲೆಸ್ಟೀನ್ ಪ್ಯಾಲೆಸ್ಟೀನಿಯರ ಏಕೈಕ ದೇಶ, ಇಸ್ರೇಲ್ ಯಹೂದಿಗಳ ಏಕೈಕ ದೇಶ ಅಂತ ಎರಡೂ ಕಡೆ ಘೋಷಿಸುತ್ತವೆ. ಎರಡನೆಯದು ಗಡಿ. 1967ರ ಜೂನ್ 4ರ ಗೆರೆ ಆಧಾರ, ಅಂದರೆ ಆ ವರ್ಷದ ಯುದ್ಧದಲ್ಲಿ ವೆಸ್ಟ್ ಬ್ಯಾಂಕ್ ಮತ್ತು ಗಾಜಾ ಇಸ್ರೇಲಿನ ಕೈಗೆ ಹೋಗುವ ಮೊದಲಿದ್ದ ಗೆರೆ. ಬದಲಾವಣೆ ಬೇಕಿದ್ದರೆ ಒಂದಕ್ಕೆ ಒಂದರಂತೆ ಭೂಮಿ ಅದಲು ಬದಲು. ವೆಸ್ಟ್ ಬ್ಯಾಂಕ್ ಮತ್ತು ಗಾಜಾ ನಡುವೆ ಸಂಪರ್ಕ. ಗಡಿ ನಿಗದಿಯಾದ ಮೇಲೆ ಪ್ಯಾಲೆಸ್ಟೀನ್ ದೇಶದಲ್ಲಿ ಯಹೂದಿ ವಸಾಹತುಗಾರರು ಯಾರೂ ಉಳಿಯುವುದಿಲ್ಲ. ಮೂರನೆಯದು ಜೆರುಸಲೇಂ. ತೆರೆದ ನಗರ, ಎರಡೂ ದೇಶಗಳಿಗೆ ರಾಜಧಾನಿ. ಅರಬ್ ಬಡಾವಣೆಗಳು ಪ್ಯಾಲೆಸ್ಟೀನಿಗೆ, ಯಹೂದಿ ಬಡಾವಣೆಗಳು ಇಸ್ರೇಲಿಗೆ. ಪವಿತ್ರ ಸ್ಥಳಗಳ ಮೇಲೆ ಮಾತ್ರ ಯಾರಿಗೂ ಸಾರ್ವಭೌಮತ್ವ ಇಲ್ಲ. ಅಲ್-ಅಕ್ಸಾ ಮಸೀದಿ ಇರುವ ಹರಮ್ ಅಲ್-ಶರೀಫ್ ಅನ್ನು ಮುಸ್ಲಿಮರಿಗಾಗಿ ಪ್ಯಾಲೆಸ್ಟೀನ್ ಕಾಯುತ್ತದೆ, ಪಶ್ಚಿಮ ಗೋಡೆಯನ್ನು ಯಹೂದಿಗಳಿಗಾಗಿ ಇಸ್ರೇಲ್ ಕಾಯುತ್ತದೆ. ಇಲ್ಲಿ ನನಗೆ ಚರ್ಚಿನ ಬಾಗಿಲು ಕಾಯುವ ಮನೆತನದ ಕೈವಾಡ ಕಾಣುತ್ತದೆ. ಇದು ನನ್ನ ಊಹೆ ಅಷ್ಟೇ.

ಐದನೆಯದು, ಪ್ಯಾಲೆಸ್ಟೀನ್ ದೇಶಕ್ಕೆ ಸೈನ್ಯ ಇರುವುದಿಲ್ಲ, ಅದರ ಭದ್ರತೆಗೆ ಜಗತ್ತಿನ ದೇಶಗಳು ಖಾತ್ರಿ ಕೊಡುತ್ತವೆ. ಆರನೆಯದು, ಇವೆಲ್ಲ ಪೂರ್ತಿ ಜಾರಿಯಾದ ಮೇಲೆ ಎರಡೂ ಕಡೆಯ ಎಲ್ಲ ಹಕ್ಕೊತ್ತಾಯಗಳೂ ಮುಗಿದವು.

ಈಗ ನಾಲ್ಕಕ್ಕೆ ಬರೋಣ. ಅದರ ಕಟ್ಟಡ ಜೋಡಿ ಜೋಡಿಯಾಗಿದೆ. ಪ್ಯಾಲೆಸ್ಟೀನ್ ನಿರಾಶ್ರಿತರು ಪ್ಯಾಲೆಸ್ಟೀನ್ ದೇಶಕ್ಕೆ ಮಾತ್ರ ಮರಳುತ್ತಾರೆ. ಯಹೂದಿಗಳು ಇಸ್ರೇಲ್ ದೇಶಕ್ಕೆ ಮಾತ್ರ ಮರಳುತ್ತಾರೆ. ಇದರ ಜೊತೆಗೆ ನಿರಾಶ್ರಿತರ ಸಂಕಟವನ್ನು ಒಪ್ಪಿಕೊಂಡು, ಅವರಿಗೆ ಪರಿಹಾರ ಕೊಡಲು ಇಸ್ರೇಲ್, ಪ್ಯಾಲೆಸ್ಟೀನ್ ಮತ್ತು ಹೊರಗಿನ ದೇಶಗಳು ಸೇರಿ ಒಂದು ನಿಧಿ ಕಟ್ಟಬೇಕು ಅನ್ನುವ ಮಾತು ಬರುತ್ತದೆ.

ಓದಲು ಎರಡೂ ಸಮ ಅನ್ನಿಸುತ್ತದೆ. ಬದುಕಿನಲ್ಲಿ ಸಮ ಅಲ್ಲ. ಒಂದು ಕಡೆ 1967ರ ನಂತರ ಸರ್ಕಾರದ ಬೆಂಬಲದಲ್ಲಿ ವೆಸ್ಟ್ ಬ್ಯಾಂಕಿನ ಬೆಟ್ಟದ ಮೇಲೆ ಮನೆ ಕಟ್ಟಿಕೊಂಡ ವಸಾಹತುಗಾರರು. ಇನ್ನೊಂದು ಕಡೆ 1948ರಲ್ಲಿ ಓಡಿಬಂದವರು, ಅವರ ಮಕ್ಕಳು, ಮೊಮ್ಮಕ್ಕಳು. ಆಗ ನೆಲೆ ಕಳೆದುಕೊಂಡವರು ಏಳು ಲಕ್ಷಕ್ಕೂ ಜಾಸ್ತಿ. 2003ರ ಹೊತ್ತಿಗೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಲ್ಲಿ ಹೆಸರು ಬರೆಸಿದವರು ಸುಮಾರು 40 ಲಕ್ಷ. ಇವರಿಗೆ ಆಧಾರವಾಗಿ ಇದ್ದದ್ದು ವಿಶ್ವಸಂಸ್ಥೆಯ ಮಹಾಸಭೆ 1948ರ ಡಿಸೆಂಬರ್ 11ರಂದು ಅಂಗೀಕರಿಸಿದ 194ನೇ ನಿರ್ಣಯ. ಶಾಂತಿಯಿಂದ ಬಾಳಲು ಒಪ್ಪುವ ನಿರಾಶ್ರಿತರಿಗೆ ಮನೆಗೆ ಮರಳಲು ಬಿಡಬೇಕು, ಮರಳದವರ ಆಸ್ತಿಗೆ ಪರಿಹಾರ ಕೊಡಬೇಕು ಅನ್ನುತ್ತದೆ ಅದು. ಎಷ್ಟೋ ಮನೆಗಳಲ್ಲಿ ಹಳೆಯ ಊರಿನ ಮನೆಯ ಕೀಲಿಕೈಯನ್ನು ಇಂದಿಗೂ ಜೋಪಾನವಾಗಿ ಇಟ್ಟಿದ್ದಾರೆ. ಮನೆ ಇಲ್ಲ, ಎಷ್ಟೋ ಕಡೆ ಊರೂ ಇಲ್ಲ. ಶಿಬಿರದಲ್ಲಿ ಹುಟ್ಟಿದ ಮಗುವನ್ನು ಯಾವ ಊರು ಅಂತ ಕೇಳಿದರೆ ಅಜ್ಜ ಬಿಟ್ಟುಬಂದ ಊರಿನ ಹೆಸರು ಹೇಳುತ್ತದೆ. ಇಂಥವರ ಮುಂದೆ ಹೋಗಿ ಈ ಹಾಳೆಗೆ ಸಹಿ ಹಾಕಿ ಅನ್ನಬೇಕಿತ್ತು.

ನುಸೈಬೆಯವರ ವಾದ ಹೀಗೆ. ನಮಗೆ ಎರಡು ಹಕ್ಕುಗಳಿವೆ. ಒಂದು ಮರಳುವ ಹಕ್ಕು. ಇನ್ನೊಂದು ಸ್ವತಂತ್ರವಾಗಿ ಬದುಕುವ ಹಕ್ಕು. ಎರಡೂ ನ್ಯಾಯವಾದವೇ. ಆದರೆ ಎರಡನ್ನೂ ಒಟ್ಟಿಗೆ ಪಡೆಯಲು ಆಗುವುದಿಲ್ಲ. ಲಕ್ಷಾಂತರ ಜನ ಇಸ್ರೇಲಿಗೆ ಮರಳಿದರೆ ಇಸ್ರೇಲ್ ಯಹೂದಿ ಬಹುಮತದ ದೇಶವಾಗಿ ಉಳಿಯುವುದಿಲ್ಲ, ಹಾಗಾಗಿ ಯಾವ ಇಸ್ರೇಲಿಯೂ ಸಹಿ ಹಾಕುವುದಿಲ್ಲ. ಸಹಿ ಇಲ್ಲದಿದ್ದರೆ ನಮ್ಮ ದೇಶವೂ ಇಲ್ಲ. ಇದು ಎಲ್ಲ ನಾಯಕರಿಗೂ ಗೊತ್ತು. ಗೊತ್ತಿದ್ದೂ ಶಿಬಿರಗಳಿಗೆ ಹೋಗಿ ನಾಳೆ ಮರಳುತ್ತೀರಿ ಅನ್ನುತ್ತಾರೆ. ಅದು ಮೋಸ.

ಆ ಕೊನೆಯ ಮಾತು ನನ್ನ ಮಟ್ಟಿಗೆ ಈ ಪ್ರಕರಣದ ಜೀವಾಳ. ಶಾಂತಿಯ ಹೆಸರಿನಲ್ಲಿ ಎದುರಾಳಿಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ತನ್ನ ಕಡೆಯವರಿಗೆ, ಅದೂ ಅತಿ ಹೆಚ್ಚು ನೊಂದವರಿಗೆ, ಇದು ನಿಮಗೆ ಸಿಗುವುದಿಲ್ಲ ಅಂತ ಮುಖ ಕೊಟ್ಟು ಹೇಳುವುದಕ್ಕೆ ಬೇರೆಯೇ ಎದೆಗಾರಿಕೆ ಬೇಕು. ಡಾಕ್ಟರು ರೋಗಿಯ ಮನೆಯವರಿಗೆ ನಿಜ ಹೇಳಿದ ಹಾಗೆ. ಯಾರೂ ಆ ಕ್ಷಣದಲ್ಲಿ ಅವರಿಗೆ ಥ್ಯಾಂಕ್ಸ್ ಹೇಳುವುದಿಲ್ಲ.

ಸಹಿ ಸಂಗ್ರಹ

ಇಬ್ಬರದ್ದೂ ಒಂದೇ ಲೆಕ್ಕಾಚಾರ. 1993ರಲ್ಲಿ ಇಸ್ರೇಲ್ ಮತ್ತು ಪಿಎಲ್‌ಒ ಮಾಡಿಕೊಂಡ ಓಸ್ಲೋ ಒಪ್ಪಂದ ದಾರಿಯನ್ನು ಮೊದಲು ಹೇಳಿತು, ಊರನ್ನು ಆಮೇಲೆ ನೋಡೋಣ ಅಂದಿತು. ಜೆರುಸಲೇಂ, ನಿರಾಶ್ರಿತರು, ಗಡಿ, ವಸಾಹತು ಎಲ್ಲವನ್ನೂ ಕೊನೆಗೆ ತಳ್ಳಿತು. ಹೋಗುವುದು ಎಲ್ಲಿಗೆ ಅಂತ ಗೊತ್ತಿಲ್ಲದ ಮೇಲೆ ಪ್ರತಿ ಹೆಜ್ಜೆಯಲ್ಲೂ ಅನುಮಾನ ಹುಟ್ಟಿತು. ಆದ್ದರಿಂದ ಈ ಸಲ ಕೊನೆಯನ್ನೇ ಮೊದಲು ಬರೆಯೋಣ. ನಾಯಕರ ಬಳಿ ಹೋಗುವುದು ಬೇಡ, ಜನರ ಬಳಿ ಹೋಗೋಣ. ಸಾಕಷ್ಟು ಸಹಿ ಬಿದ್ದರೆ ನಾಯಕರು ತಾವಾಗಿ ಹಿಂದೆ ಬರುತ್ತಾರೆ.

2003ರ ಜೂನ್‌ನಲ್ಲಿ ಅಭಿಯಾನ ಬಹಿರಂಗವಾಗಿ ಶುರುವಾಯಿತು. ಅಷ್ಟರಲ್ಲಿ ನುಸೈಬೆ ಜೆರುಸಲೇಮಿನ ಪಿಎಲ್‌ಒ ಹುದ್ದೆಯಲ್ಲಿ ಇರಲಿಲ್ಲ. ಅರಾಫತ್ ಅಭಿಯಾನಕ್ಕೆ ಒಪ್ಪಿಗೆಯ ಮುದ್ರೆಯನ್ನೂ ಒತ್ತಲಿಲ್ಲ, ನಿಲ್ಲಿಸಲೂ ಹೋಗಲಿಲ್ಲ. ಹಳೆಯ ರಾಜಕಾರಣಿ. ಗೆದ್ದರೆ ನನ್ನದು, ಸೋತರೆ ಮೇಷ್ಟರದ್ದು ಅನ್ನುವಂತೆ ಪಕ್ಕಕ್ಕೆ ನಿಂತರು ಅಂತ ನನಗನ್ನಿಸುತ್ತದೆ.

ಎರಡೂ ಕಡೆಯ ಕೆಲಸ ಒಂದೇ ಥರ ಇರಲಿಲ್ಲ. ಇಸ್ರೇಲಿನಲ್ಲಿ ಸ್ವಯಂಸೇವಕರು ರಸ್ತೆ ಸೇರುವ ಕಡೆ ಮೇಜು ಹಾಕಿ ಕೂರಬಹುದಿತ್ತು. ಅಂತರ್ಜಾಲದಲ್ಲೂ ಸಹಿ ಮಾಡಬಹುದಿತ್ತು. ವೆಸ್ಟ್ ಬ್ಯಾಂಕಿನಲ್ಲಿ ಒಂದು ಊರಿನಿಂದ ಪಕ್ಕದ ಊರಿಗೆ ಹೋಗಲು ಚೆಕ್‌ಪೋಸ್ಟ್ ದಾಟಬೇಕು. ಕರ್ಫ್ಯೂ ಇದ್ದರೆ ಅದೂ ಇಲ್ಲ. ಅಲ್ಲಿ ಹಾಳೆ ಹಿಡಿದು ತಿರುಗಿದವರಲ್ಲಿ ಮೊದಲ ಇಂತಿಫಾದಾದಲ್ಲಿ ಇಸ್ರೇಲಿನ ಜೈಲು ಕಂಡು ಬಂದ, ಅರಾಫತ್ ಅವರ ಪಕ್ಷವಾದ ಫತಾಹ್‌ನ ಕಾರ್ಯಕರ್ತರೂ ಇದ್ದರು. ಇದು ಚಿಕ್ಕ ವಿಷಯ ಅಲ್ಲ. ಜೈಲಿನಲ್ಲಿ ವರ್ಷ ಕಳೆದವನ ಕೈಯಿಂದ ಬಂದ ಹಾಳೆಯನ್ನು ದ್ರೋಹಿಯ ಹಾಳೆ ಅನ್ನುವುದು ಅಷ್ಟು ಸುಲಭ ಅಲ್ಲ.

ಆದರೂ ಅಂದರು. ನಿರಾಶ್ರಿತರ ಸಂಘಟನೆಗಳು ಖಂಡಿಸಿದವು. ಫತಾಹ್ ಒಳಗಿನವರೇ ತಿರುಗಿ ಬಿದ್ದರು. ಹಮಾಸ್ ಸಾರಾಸಗಟಾಗಿ ತಳ್ಳಿಹಾಕಿತು. ಅವರ ಟೀಕೆಗಳಲ್ಲಿ ಒಂದಕ್ಕೆ ಉತ್ತರ ಕೊಡುವುದು ನಿಜಕ್ಕೂ ಕಷ್ಟ. ಮರಳುವ ಹಕ್ಕು ಪ್ರತಿಯೊಬ್ಬ ನಿರಾಶ್ರಿತನ ಸ್ವಂತ ಹಕ್ಕು. ಜೆರುಸಲೇಮಿನ ದೊಡ್ಡ ಮನೆತನದ, ಆಕ್ಸ್‌ಫರ್ಡಿನಲ್ಲಿ ಓದಿದ ಒಬ್ಬರು ವೆಸ್ಟ್ ಬ್ಯಾಂಕಿನ ಬಾಲಾತಾ ನಿರಾಶ್ರಿತರ ಶಿಬಿರದ ಕೂಲಿಯವನ ಪರವಾಗಿ ಅದನ್ನು ಬಿಟ್ಟುಕೊಡಲು ಯಾರು? ನುಸೈಬೆ ಚುನಾವಣೆಗೆ ನಿಂತವರಲ್ಲ. ಅವರಿಗೆ ಪಕ್ಷದ ಪಡೆ ಇರಲಿಲ್ಲ. ಅದಕ್ಕೇ ಸಹಿ ಕೇಳುತ್ತಿದ್ದೇನೆ ಅನ್ನುವುದೇ ಅವರ ಉತ್ತರ ಆಗಬಹುದಿತ್ತು. ನಾನು ಬಿಟ್ಟುಕೊಡುತ್ತಿಲ್ಲ, ನೀವು ಬಿಡುತ್ತೀರಾ ಅಂತ ಕೇಳುತ್ತಿದ್ದೇನೆ. ಈ ಉತ್ತರದಲ್ಲಿ ಹುರುಳಿದೆ. ಆದರೆ ಲೆಬನಾನ್, ಸಿರಿಯಾ, ಜೋರ್ಡಾನ್ ಶಿಬಿರಗಳಲ್ಲಿ ಇರುವವರ ಮುಂದೆ ಆ ಹಾಳೆ ಹೋಗಲೇ ಇಲ್ಲ. ಕಳೆದುಕೊಳ್ಳುವವರಲ್ಲಿ ದೊಡ್ಡ ಪಾಲು ಅವರದ್ದೇ.

ಇನ್ನೊಂದು ಕೊರತೆ ಮೊದಲ ಅಂಶದಲ್ಲಿದೆ. ಅದರ ಬಗ್ಗೆ ಚರ್ಚೆ ಕಡಿಮೆ ಆಯಿತು. ಇಸ್ರೇಲ್ ಯಹೂದಿಗಳ ಏಕೈಕ ದೇಶ ಅಂತ ಬರೆದಾಗ, ಇಸ್ರೇಲಿನ ಜನಸಂಖ್ಯೆಯಲ್ಲಿ ಸುಮಾರು ಐದನೇ ಒಂದು ಭಾಗ ಇರುವ ಅರಬ್ ನಾಗರಿಕರು ಎಲ್ಲಿ ನಿಲ್ಲುತ್ತಾರೆ? ಅವರು 1948ರಲ್ಲಿ ಓಡದೆ ಉಳಿದವರು, ಪ್ಯಾಲೆಸ್ಟೀನಿಯರೇ. ಹಾಳೆ ಅವರನ್ನು ಕೇಳಲಿಲ್ಲ. ಒಂದೇ ಪುಟದಲ್ಲಿ ಮುಗಿಸಬೇಕು ಅಂತ ಹಟ ಹಿಡಿದಾಗ ಹೀಗಾಗುತ್ತದೆ.

ಅಮೆರಿಕದಿಂದ ಹೊಗಳಿಕೆ ಬಂತು. 2003ರ ಅಕ್ಟೋಬರ್‌ನಲ್ಲಿ ರಕ್ಷಣಾ ಇಲಾಖೆಯ ಉಪಸಚಿವ ಪಾಲ್ ವುಲ್ಫೋವಿಟ್ಸ್ ಭಾಷಣವೊಂದರಲ್ಲಿ ಇವರ ಕೆಲಸವನ್ನು ಮೆಚ್ಚಿದರು. ಇರಾಕ್ ಯುದ್ಧಕ್ಕೆ ಮುಂದೆ ನಿಂತಿದ್ದವರ ಮೆಚ್ಚುಗೆ ರಾಮಲ್ಲಾದ ಬೀದಿಯಲ್ಲಿ ಯಾರಿಗೂ ಒಳ್ಳೆಯದು ಮಾಡುವಂಥದ್ದಲ್ಲ. ಕೊನೆಗೆ ಎರಡೂ ಕಡೆ ಸೇರಿ ಬಿದ್ದ ಸಹಿ ಸುಮಾರು 4 ಲಕ್ಷ. ಅದರಲ್ಲಿ ಒಂದೂವರೆ ಲಕ್ಷದಷ್ಟು ಪ್ಯಾಲೆಸ್ಟೀನಿಯರದ್ದು. ಗುಂಡು ಹಾರುತ್ತಿದ್ದ ಕಾಲದಲ್ಲಿ, ಅಂಥ ಒಂದು ವಾಕ್ಯದ ಕೆಳಗೆ ಇಷ್ಟು ಜನ ಹೆಸರು ಬರೆದರು. ನಾನು ಈ ಸಂಖ್ಯೆಯನ್ನು ಸಣ್ಣದು ಅನ್ನಲಾರೆ.

ಮೈದಾನದ ಗೋಡೆ

ಇದೇ ಹೊತ್ತಿಗೆ ಇನ್ನೊಂದು ಸಂಗತಿ ನಡೆಯಿತು. ನುಸೈಬೆಯವರ ಶಾಂತಿಯ ಮಾತು ಹೇಗೆ ಕೆಲಸಕ್ಕೆ ಬರುತ್ತಿತ್ತು ಅನ್ನುವುದು ಅಲ್ಲಿ ಕಾಣುತ್ತದೆ. ಇಸ್ರೇಲ್ 2002ರಲ್ಲಿ ವೆಸ್ಟ್ ಬ್ಯಾಂಕಿನ ತಡೆಗೋಡೆ ಕಟ್ಟಲು ಶುರು ಮಾಡಿತ್ತು. 2003ರ ಸೆಪ್ಟೆಂಬರ್ ಹೊತ್ತಿಗೆ ಅಬು ದಿಸ್‌ನಲ್ಲಿರುವ ಅಲ್-ಕುದ್ಸ್ ವಿಶ್ವವಿದ್ಯಾಲಯದ ಆವರಣದೊಳಗೇ ಅದರ ಗೆರೆ ಬಂತು. ಆಟದ ಮೈದಾನ ಗೋಡೆಯ ಆ ಕಡೆಗೆ ಹೋಗುತ್ತಿತ್ತು.

ಸಾವಿರಾರು ಹುಡುಗರಿರುವ ಕ್ಯಾಂಪಸ್. ಒಂದು ಕಲ್ಲು ಬಿದ್ದರೆ ಸಾಕು, ಸೈನ್ಯ ಒಳಗೆ ಬರುತ್ತಿತ್ತು, ಕಾಲೇಜು ಮುಚ್ಚುತ್ತಿತ್ತು, ಗೋಡೆ ಏಳುತ್ತಿತ್ತು. ನುಸೈಬೆ ಮತ್ತು ಸಿಬ್ಬಂದಿ ವಿದ್ಯಾರ್ಥಿಗಳನ್ನು ಮೈದಾನಕ್ಕೆ ಕರೆದರು. ಅಲ್ಲೇ ಆಟ ಆಡಿಸಿದರು, ಅಲ್ಲೇ ಪಾಠ ಮಾಡಿದರು, ಹಾಡು ವಾದ್ಯ ಇಟ್ಟರು. ಬುಲ್ಡೋಜರ್ ಪಕ್ಕದಲ್ಲಿ ನಿಂತಿರುವಾಗ ಮಕ್ಕಳು ಚೆಂಡು ಆಡುವ ಫೋಟೋ ಪತ್ರಿಕೆಗಳಿಗೆ ಹೋಯಿತು. ಒಂದು ತಿಂಗಳಿಗೂ ಹೆಚ್ಚು ಇದೇ ನಡೆಯಿತು. ಅತ್ತ ಅಮೆರಿಕದ ಸರ್ಕಾರದ ಕಿವಿಗೂ ವಿಷಯ ಮುಟ್ಟಿತು. ಕೊನೆಗೆ ಗೋಡೆಯ ಗೆರೆ ಸರಿಯಿತು, ಮೈದಾನ ಉಳಿಯಿತು.

ಗೋಡೆ ನಿಲ್ಲಲಿಲ್ಲ. ಅಬು ದಿಸ್ ಪಕ್ಕದಲ್ಲೇ ಎಂಟು ಮೀಟರ್ ಎತ್ತರದ ಕಾಂಕ್ರೀಟ್ ಎದ್ದು ನಿಂತಿತು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2004ರ ಜುಲೈ 9ರಂದು ಆಕ್ರಮಿತ ನೆಲದಲ್ಲಿ ಈ ಗೋಡೆ ಕಟ್ಟುವುದು ಕಾನೂನಿಗೆ ವಿರುದ್ಧ ಅಂತ ಅಭಿಪ್ರಾಯ ಕೊಟ್ಟರೂ ಕೆಲಸ ಮುಂದುವರಿಯಿತು. ಆದರೆ ಮೈದಾನದ ಜಗಳದಲ್ಲಿ ಇದ್ದದ್ದು ಹಾಳೆಯ ಅಭಿಯಾನದಲ್ಲಿ ಇರಲಿಲ್ಲ. ಅಲ್ಲಿ ಕೇಳಿದ್ದು ಒಂದೇ ವಸ್ತು, ಅದನ್ನು ಕೊಡಬಲ್ಲವನು ಎದುರಿಗೇ ಇದ್ದ, ಇವತ್ತು ಕೊಡದಿದ್ದರೆ ನಾಳೆ ಅವನಿಗೆ ಮುಜುಗರ. ಹಾಳೆಯ ವಿಷಯದಲ್ಲಿ ಸಹಿ ಹಾಕಿದ 4 ಲಕ್ಷ ಜನಕ್ಕೆ ಆಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಮನೆಗೆ ಹೋದರು.

ಆಮೇಲೆ

2003ರ ನವೆಂಬರ್‌ನಲ್ಲಿ ಅಯಲೋನ್ ಸೇರಿ ಶಿನ್ ಬೆತ್‌ನ ನಾಲ್ವರು ಮಾಜಿ ಮುಖ್ಯಸ್ಥರು ಇಸ್ರೇಲಿನ ಒಂದು ದೊಡ್ಡ ಪತ್ರಿಕೆಯಲ್ಲಿ ಒಟ್ಟಿಗೆ ಕೂತು, ದೇಶ ಅನಾಹುತದ ಕಡೆ ಹೋಗುತ್ತಿದೆ ಅಂತ ಎಚ್ಚರಿಸಿದರು. ಡಿಸೆಂಬರ್ 1ರಂದು ಇಸ್ರೇಲಿನ ಯೋಸ್ಸಿ ಬೇಲಿನ್ ಮತ್ತು ಪ್ಯಾಲೆಸ್ಟೀನಿನ ಯಾಸರ್ ಅಬೇದ್ ರಬ್ಬೋ ಎಂಬ ಇಬ್ಬರು ರಾಜಕಾರಣಿಗಳು ಸೇರಿ ಮಾಡಿದ ಶಾಂತಿ ಒಪ್ಪಂದದ ಜಿನೀವಾ ಕರಡು ಬಿಡುಗಡೆಯಾಯಿತು. ಅದು ಹತ್ತಾರು ಪುಟದ್ದು. ನಿರಾಶ್ರಿತರ ವಿಷಯದಲ್ಲಿ ಅದರ ಭಾಷೆ ಮೆತ್ತಗೆ. ಗಮನವೆಲ್ಲ ಅದರ ಕಡೆ ಹೋಯಿತು. ಅದೇ ತಿಂಗಳ 18ರಂದು ಪ್ರಧಾನಿ ಏರಿಯಲ್ ಶರೋನ್ ಏಕಪಕ್ಷೀಯವಾಗಿ ಹಿಂದೆ ಸರಿಯುವ ಯೋಜನೆಯನ್ನು ಘೋಷಿಸಿದರು. 2005ರಲ್ಲಿ ಗಾಜಾದಿಂದ ಸುಮಾರು 8 ಸಾವಿರ ವಸಾಹತುಗಾರರನ್ನು ತೆಗೆದರು. ಯಾವ ಪ್ಯಾಲೆಸ್ಟೀನ್ ನಾಯಕನ ಜೊತೆಯೂ ಒಪ್ಪಂದ ಆಗಲಿಲ್ಲ. ವಸಾಹತು ತೆಗೆಯಲು ಆಗುತ್ತದೆ ಅನ್ನುವುದು ಸಾಬೀತಾಯಿತು. ಆದರೆ ಅದರ ಹೆಮ್ಮೆ ಮಾತುಕತೆ ಬೇಕು ಅಂದವರಿಗೆ ಸಿಗಲಿಲ್ಲ. 2004ರ ನವೆಂಬರ್ 11ರಂದು ಅರಾಫತ್ ತೀರಿಕೊಂಡರು. 2006ರ ಜನವರಿಯಲ್ಲಿ ಹಮಾಸ್ ಚುನಾವಣೆ ಗೆದ್ದಿತು.

ನುಸೈಬೆ ವಿಶ್ವವಿದ್ಯಾಲಯ ನಡೆಸುತ್ತಾ ಉಳಿದರು. 2004ರಲ್ಲಿ ಇಸ್ರೇಲಿನ ಬರಹಗಾರ ಅಮೋಸ್ ಓಜ್ ಜೊತೆ ಅವರಿಗೆ ಕೆಟಲೋನಿಯಾದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. 2011ರ ಒಂದು ಪುಸ್ತಕದಲ್ಲಿ ಅವರು ತಮ್ಮ ತರ್ಕವನ್ನು ಮತ್ತೆ ತಿರುಗಿಸಿದರು. ಎರಡು ದೇಶಗಳ ಕಾಲ ದಾಟಿಹೋಗುತ್ತಿದೆ ಅಂತಾದರೆ, ರಾಜಕೀಯ ಹಕ್ಕು ಆಮೇಲೆ ನೋಡೋಣ, ಓಡಾಡುವ, ದುಡಿಯುವ, ಬದುಕುವ ನಾಗರಿಕ ಹಕ್ಕುಗಳನ್ನಾದರೂ ಪ್ಯಾಲೆಸ್ಟೀನಿಯರಿಗೆ ಕೊಡಿ ಅಂದರು. ಹಲವರಿಗೆ ಇದು ಸೋತವರ ಮಾತಿನಂತೆ ಕೇಳಿತು. ನನಗೆ 1980ರ ದಶಕದ ಮೇಷ್ಟರೇ ಕೇಳಿಸುತ್ತಾರೆ: ಭೂಮಿ ಬಿಡುವುದಿಲ್ಲವೇ, ಹಾಗಾದರೆ ಜನಕ್ಕೆ ಏನು ಕೊಡುತ್ತೀರಿ ಹೇಳಿ. 2014ರಲ್ಲಿ ಅವರು ಅಧ್ಯಕ್ಷ ಸ್ಥಾನ ಬಿಟ್ಟರು.

ಸಹಿ ಬಿದ್ದ ವರ್ಷ ಪೂರ್ವ ಜೆರುಸಲೇಂ ಬಿಟ್ಟು ವೆಸ್ಟ್ ಬ್ಯಾಂಕಿನಲ್ಲಿ ಇದ್ದ ಯಹೂದಿ ವಸಾಹತುಗಾರರು ಸುಮಾರು 2 ಲಕ್ಷ. ಈಗ 5 ಲಕ್ಷ ದಾಟಿದ್ದಾರೆ. ಹಾಳೆಯ ಎರಡನೇ ಅಂಶ ಜಾರಿ ಮಾಡುವ ಕೆಲಸ ಪ್ರತಿ ವರ್ಷ ದುಬಾರಿಯಾಯಿತು. ನಾಲ್ಕನೇ ಅಂಶದ ಬೆಲೆ ಮಾತ್ರ ಸಹಿ ಹಾಕಿದ ದಿನವೇ ಸಂದಾಯವಾಗಿಬಿಟ್ಟಿತ್ತು. ಹಾಳೆಯ ರಚನೆಯಲ್ಲಿ ನನಗೆ ಕಾಣುವ ದೊಡ್ಡ ಊನ ಇದು. ಇಸ್ರೇಲ್ ಕೊಡಬೇಕಾದದ್ದು ನೆಲ, ಮನೆ, ರಸ್ತೆ. ಅದನ್ನು ಒಂದು ಸರ್ಕಾರ ಮಾಡಬೇಕು, ಮಾಡುವವರೆಗೂ ಇಸ್ರೇಲಿನಲ್ಲಿ ಯಾರೂ ಏನೂ ಕಳೆದುಕೊಳ್ಳುವುದಿಲ್ಲ. ಪ್ಯಾಲೆಸ್ಟೀನಿಯರು ಕೊಡಬೇಕಾದದ್ದು ಒಂದು ಮಾತು. ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಜಾರಿಯಾದ ಮೇಲೆ ಹಕ್ಕೊತ್ತಾಯ ಮುಗಿಯುತ್ತದೆ ಅಂತ ಆರನೇ ಅಂಶದಲ್ಲಿ ಇದ್ದ ರಕ್ಷಣೆಯನ್ನು ಯಾರೂ ಓದಲಿಲ್ಲ, ಯಾಕಂದರೆ ನಾಲ್ಕನೆಯದನ್ನು ಓದಿದವರು ಅಲ್ಲಿಗೇ ನಿಂತುಬಿಟ್ಟರು. ನಿರಾಶ್ರಿತರು ಬಿಡುವ ಹಕ್ಕಿಗೂ ವಸಾಹತುಗಾರರು ಬಿಡುವ ಮನೆಗೂ ಒಂದೇ ವಾಕ್ಯದಲ್ಲಿ, ಒಂದೇ ದಿನಾಂಕಕ್ಕೆ ಗಂಟು ಹಾಕಬೇಕಿತ್ತು.

ಸಹಿ ಹಾಕಿದ ಇಬ್ಬರ ಮುಂದಿನ ದಾರಿಯಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಅಯಲೋನ್ 2006ರಲ್ಲಿ ಲೇಬರ್ ಪಕ್ಷದಿಂದ ಸಂಸತ್ತಿಗೆ ಹೋದರು. 2007ರಲ್ಲಿ ಪಕ್ಷದ ನಾಯಕತ್ವಕ್ಕೆ ನಿಂತು ಎಹುದ್ ಬರಾಕ್ ಎದುರು ಸ್ವಲ್ಪದರಲ್ಲಿ ಸೋತರು, ಅದೇ ವರ್ಷ ಸಚಿವರೂ ಆದರು. ಹಾಳೆ ಅವರಿಗೆ ಅಡ್ಡ ಬರಲಿಲ್ಲ. ನುಸೈಬೆ 2006ರ ಚುನಾವಣೆಗೆ ನಿಲ್ಲಲೇ ಇಲ್ಲ.